ಡೆರಿಗೂಲ್ ಕಾಡಿನಲ್ಲಿ ಜಯರಾಮನ ಕಾಲು ಕಪ್ಪಾದದ್ದು

ಸಿಟಿವೆಸ್ಟಿನ ಕನ್ನಡದವರು ಜಯರಾಮನನ್ನು ಬೆನ್ನ ಹಿಂದೆ 'ಕಾಡು ಜಯರಾಮ' ಎಂದು ಕರೆಯುತ್ತಿದ್ದರು. ಎದುರಿಗೆ ಕರೆದಿದ್ದರೂ ಅವನಿಗೆ ಸಂತೋಷವೇ ಆಗುತ್ತಿತ್ತು. ಡಬ್ಲಿನ್ನಿನ ಪಶ್ಚಿಮಕ್ಕಿರುವ ಆ ಬಡಾವಣೆಯಲ್ಲಿ ಆಫೀಸುಗಳೂ ಹೊಸ ಮನೆಗಳೂ ಒಂದರ ಬೆನ್ನಿಗೆ ಒಂದು ಎದ್ದು ನಿಂತಿವೆ. ಮರವೆಂದರೆ ಪಾರ್ಕಿಂಗ್ ಜಾಗದ ಅಂಚಿನಲ್ಲಿ ಬಿಲ್ಡರು ನೆಟ್ಟು ಹೋದ, ಗಾಳಿಗೆ ಒಂದೇ ಕಡೆ ವಾಲಿದ ಗಿಡಗಳು. ಅಂಥ ಜಾಗದಲ್ಲಿ ಒಬ್ಬನಿಗೆ ಕಾಡಿನ ಹೆಸರು ಅಂಟಬೇಕಾದರೆ ಅವನು ಅದಕ್ಕಾಗಿ ಬಹಳ ದುಡಿದಿರಬೇಕು. ಜಯರಾಮ ದುಡಿದಿದ್ದ.

ವಾರದ ಐದು ದಿನ ಅವನು ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಡೆಲಿವರಿ ಮ್ಯಾನೇಜರು. ಶನಿವಾರ ಬಂದರೆ ಋಷಿ. 'ಹಸಿರು ಹೆಜ್ಜೆ' ಎಂಬ ವಾಟ್ಸ್ಯಾಪ್ ಗುಂಪು ಕಟ್ಟಿ, ಹತ್ತಾರು ಕನ್ನಡದವರನ್ನು ವಿಕ್ಲೋ ಬೆಟ್ಟಗಳ ಕಡೆಗೆ ಕರೆದುಕೊಂಡು ಹೋಗುತ್ತಿದ್ದ. ಗುಂಪಿಗೆ ಅವನದೇ ಕಾನೂನು. ಕಾಡಿನಲ್ಲಿ ಮನೆ ಬೆಲೆಯ ಮಾತು ಆಡಬಾರದು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೊಸರನ್ನ ತರಬಾರದು. ಫೋನು ಮುಟ್ಟಬಾರದು. ಈ ಕೊನೆಯ ನಿಯಮದಿಂದ ಮಹಾದೇವನಿಗೆ ಮಾತ್ರ ವಿನಾಯಿತಿ ಇತ್ತು. ಡ್ರೋಹೆಡಾ ಎಂಬ ದೂರದ ಊರಿನಿಂದ ಬರುತ್ತಿದ್ದ ಈ ಭಕ್ತನ ಕೆಲಸವೆಂದರೆ ಜಯರಾಮ ಕಣ್ಣು ಮುಚ್ಚಿ ಮರದ ಮೇಲೆ ಕೈಯಿಟ್ಟು ನಿಂತಾಗ ಫೋಟೊ ತೆಗೆಯುವುದು.

"ಡ್ಯಾಡ್, ಮರಕ್ಕೆ ಜ್ವರ ಇದ್ಯಾ ಅಂತ ನೋಡ್ತಿರೋ ಥರ ಕಾಣ್ತೀರ," ಎಂದು ಮಗಳು ತನ್ವಿ ಒಮ್ಮೆ ಇಂಗ್ಲಿಷಿನಲ್ಲಿ ಹೇಳಿದ್ದಳು. ಅವಳು ಅಲ್ಲೇ ಹುಟ್ಟಿ ಬೆಳೆದವಳು, ಹೈಸ್ಕೂಲಿನಲ್ಲಿದ್ದಾಳೆ. ಅಪ್ಪನ ಭಾಷಣಗಳನ್ನು ಹೆಡ್‌ಫೋನ್ ಹಾಕಿಕೊಂಡೇ ಕೇಳುವುದು ಅವಳ ಅಭ್ಯಾಸ.

ಯಾರಾದರೂ ಊರು ಕೇಳಿದರೆ ಜಯರಾಮ ಸ್ವಲ್ಪ ಹೊತ್ತು ದೂರ ನೋಡಿ, "ಭದ್ರಾ ಅಭಯಾರಣ್ಯದ ಅಂಚು," ಎನ್ನುತ್ತಿದ್ದ. ಸುಳ್ಳೇನಲ್ಲ. ನಕಾಶೆಯ ಮೇಲೆ ಹೆಬ್ಬೆಟ್ಟು ಇಟ್ಟರೆ ಅಭಯಾರಣ್ಯವೂ ಅವನ ಊರೂ ಎರಡೂ ಮುಚ್ಚಿಹೋಗುತ್ತವೆ. ಅವನು ಹುಟ್ಟಿದ್ದು ಮಾತ್ರ ಭದ್ರಾವತಿಯ ನ್ಯೂಟೌನಿನಲ್ಲಿ, ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಅಪ್ಪ ಫೌಂಡ್ರಿಯಲ್ಲಿದ್ದರು. ಕಾರ್ಖಾನೆಯ ಸೈರನ್ ಕೂಗಿದರೆ ಬೀದಿಗೆ ಬೀದಿಯೇ ಊಟಕ್ಕೆ ಕೂರುತ್ತಿತ್ತು. ಅಮ್ಮ ಬಟ್ಟೆ ಒಣಹಾಕುವ ಮೊದಲು ಮಳೆ ಬರುತ್ತದೆಯೇ ಎಂದು ನೋಡುತ್ತಿರಲಿಲ್ಲ, ಹೊಗೆ ಯಾವ ಕಡೆ ತಿರುಗಿದೆ ಎಂದು ನೋಡುತ್ತಿದ್ದಳು. ಮೈಸೂರಿಗೆ ಇಂಜಿನಿಯರಿಂಗ್ ಓದಲು ಹೋದಾಗ ಹಾಸ್ಟೆಲಿನ ಹುಡುಗರು ಅವನಿಗೆ 'ಹೊಗೆಗೂಡು' ಎಂದು ಹೆಸರಿಟ್ಟರು. ನಾಲ್ಕು ವರ್ಷ ಆ ಹೆಸರಿನಲ್ಲೇ ಬದುಕಿ ಹೊರಬಿದ್ದ ಮೇಲೆ ಜಯರಾಮನ ಊರು ಸ್ವಲ್ಪಸ್ವಲ್ಪವೇ ಸರಿಯುತ್ತ ಕಾಡಿನ ಕಡೆಗೆ ಹೋಯಿತು. ಐರ್ಲೆಂಡಿಗೆ ಬರುವಷ್ಟರಲ್ಲಿ ಪೂರ್ತಿ ಕಾಡೊಳಗೇ ಸೇರಿಬಿಟ್ಟಿತ್ತು. ಹೆಂಡತಿ ರತ್ನಾಗೆ ಎಲ್ಲವೂ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ ಆ ಕ್ವಾರ್ಟರ್ಸಿನಲ್ಲೇ ಮೂರು ತಿಂಗಳು ಇದ್ದವಳು ಅವಳು. ಗಂಡ ಅಭಯಾರಣ್ಯ ಎಂದಾಗೆಲ್ಲ ಅವಳು ಎದ್ದು ಕಾಫಿ ಮಾಡಲು ಹೋಗುತ್ತಿದ್ದಳು.

ಆಫೀಸಿನಲ್ಲಿ ವಿಷಯ ಇನ್ನೂ ಮುಂದೆ ಹೋಗಿತ್ತು. ಒಂದು ದಿನ ಊಟದ ಹೊತ್ತಿನಲ್ಲಿ ಅವನ ಮೇಲಧಿಕಾರಿ ಡೆಕ್ಲನ್, "ನಿಮ್ಮ ಕಡೆ ಹುಲಿ ಇದಾವಾ?" ಎಂದು ಕೇಳಿದ. ಇದಾವೆ ಎಂದ ಜಯರಾಮ. ನೋಡಿದ್ದೀಯಾ ಎಂದ ಡೆಕ್ಲನ್. ನೋಡಿದ್ದೇನೆ ಎಂದ. ಎಲ್ಲಿ ಎಂದು ಡೆಕ್ಲನ್ ಕೇಳಲಿಲ್ಲ, ಇವನು ಹೇಳಲಿಲ್ಲ. ವಾರ ಮುಗಿಯುವಷ್ಟರಲ್ಲಿ, ಜಯರಾಮ ದಿನಾ ಹುಲಿಗಳ ನಡುವೆ ನಡೆದು ಶಾಲೆಗೆ ಹೋಗುತ್ತಿದ್ದ ಎಂಬ ಸುದ್ದಿ ಮೂರನೇ ಮಹಡಿಯವರೆಗೆ ಹಬ್ಬಿತ್ತು. ಅದೇ ಸಮಯಕ್ಕೆ ಹೆಡ್ಡಾಫೀಸಿನಿಂದ, ಪ್ರತಿ ಶಾಖೆಯೂ ಒಬ್ಬ 'ಹಸಿರು ರಾಯಭಾರಿ'ಯನ್ನು ಆರಿಸಬೇಕು ಎಂಬ ಆಜ್ಞೆ ಬಂತು. ಹುಲಿಗಳ ನಡುವೆ ಬೆಳೆದವನಿರುವಾಗ ಬೇರೆಯವರನ್ನು ಯಾಕೆ ಹುಡುಕಬೇಕು? ಆಯ್ಕೆಗೆ ಮೊದಲು ಒಂದು ಶನಿವಾರ ತಾನೂ ಗುಂಪಿನ ಜೊತೆ ಬರುತ್ತೇನೆ ಎಂದ ಡೆಕ್ಲನ್.

ಜಯರಾಮ ಆ ಶನಿವಾರಕ್ಕೆ ಡೆರಿಗೂಲ್ ಎಂಬ ಹಳೆಯ ಓಕ್ ಕಾಡನ್ನು ಆರಿಸಿದ. ವಿಕ್ಲೋದ ಒಂದು ಕಣಿವೆಯಲ್ಲಿ, ಹೊಳೆಯ ಪಕ್ಕದಲ್ಲಿರುವ ಕಾಡು. ಅದನ್ನು ನೋಡಿಕೊಳ್ಳುವ ಟ್ರಸ್ಟಿನವರು, ಗುಂಪಾಗಿ ಬರುವುದಾದರೆ ನಮ್ಮ ಗೈಡು ಜೊತೆಗಿರಬೇಕು ಎಂದರು. ಜಯರಾಮನಿಗೆ ಇದು ಇಷ್ಟವಾಗಲಿಲ್ಲ. "ಕಾಡಿಗೆ ಗೈಡು ಯಾಕ್ರೀ ಮಹಾದೇವ? ನಾವೇನು ಮಾಲ್‌ಗೆ ಹೋಗ್ತಿದೀವಾ?" ಎಂದ. ಆದರೂ ಒಪ್ಪಿದ.

ಮೇ ತಿಂಗಳ ಬೆಳಿಗ್ಗೆ. ಐರ್ಲೆಂಡಿನಲ್ಲಿ ಮೇ ಎಂದರೆ ಜಾಕೆಟ್ಟಿನ ಗುಂಡಿ ಬಿಚ್ಚಬಹುದಾದ, ಆದರೆ ಜಾಕೆಟ್ಟು ಬಿಚ್ಚಲಾಗದ ಕಾಲ. ಓಕ್ ಮರಗಳು ಎಳೆಯ ಎಲೆ ಬಿಟ್ಟಿದ್ದವು, ಕೆಳಗೆ ನೀಲಿ ಹೂಗಳು ಹಾಸಿದಂತಿದ್ದವು. ಈ ಸಲ ರತ್ನಾ, ತನ್ವಿಯೂ ಜೊತೆಗೆ ಬಂದಿದ್ದರು. ಟ್ರಸ್ಟಿನ ಗೈಡು ನೋರೀನ್ ಇನ್ನೂ ಬಂದಿರಲಿಲ್ಲ. ಬರದಿದ್ದರೆ ಒಳ್ಳೆಯದೇ ಎಂದುಕೊಂಡ ಜಯರಾಮ, ಗುಂಪನ್ನು ಒಳಗೆ ಕರೆದುಕೊಂಡು ಹೋಗಿ, ಇಳಿಜಾರಿನ ನಡುವೆ ಗುಂಡಗೆ, ಯಾರೋ ತಟ್ಟಿ ಮಾಡಿದಂತೆ ಸಮತಟ್ಟಾಗಿದ್ದ ಒಂದು ಜಾಗದಲ್ಲಿ ನಿಲ್ಲಿಸಿದ. ಸುತ್ತಲಿನ ಮರಗಳು ಒಂದೊಂದೂ ಒಂದೇ ಬುಡದಿಂದ ನಾಲ್ಕೈದು ಕಾಂಡ ಬಿಟ್ಟು ಎದ್ದಿದ್ದವು.

"ನೋಡಿ, ಪಂಚಪಾಂಡವರ ಥರ ನಿಂತಿದಾವೆ," ಎಂದ ಜಯರಾಮ. ಆಮೇಲೆ ಡೆಕ್ಲನ್‌ಗಾಗಿ ಇಂಗ್ಲಿಷಿಗೆ ಹೊರಳಿದ. ಇದು ಸಾವಿರಾರು ವರ್ಷಗಳಿಂದ ಮನುಷ್ಯನ ಕೈ ಸೋಕದ ಕಾಡು, ಇಲ್ಲಿ ಯಂತ್ರವಿಲ್ಲ, ಲೋಭವಿಲ್ಲ, ಹೊಗೆಯಿಲ್ಲ, ಈ ಮಣ್ಣಿನಷ್ಟು ಶುದ್ಧವಾದ ಮಣ್ಣು ಯುರೋಪಿನಲ್ಲೇ ಸಿಗಲಾರದು ಎಂದ. "ಎಲ್ರೂ ಶೂ ಬಿಚ್ಚಿ. ಸಾಕ್ಸೂ ಬಿಚ್ಚಿ. ಭೂಮಿತಾಯಿಗೆ ಪಾದ ಕೊಡಿ."

ಎಲ್ಲರೂ ಬಿಚ್ಚಿದರು. ಡೆಕ್ಲನ್ ಕೂಡ ಬಿಚ್ಚಿದ. ತಣ್ಣಗಿನ ಒದ್ದೆ ಮಣ್ಣಿನಲ್ಲಿ ಕಾಲೂರಿ, ಕಣ್ಣು ಮುಚ್ಚಿ, ಹಲ್ಲು ಕಚ್ಚಿಕೊಂಡು ಭೂಮಿತಾಯಿಯನ್ನು ಅನುಭವಿಸಿದರು. ಜಯರಾಮ ಉಸಿರು ಮೂಗಿನಿಂದ ಎಳೆದು ಬಾಯಿಂದ ಬಿಡಿ ಎನ್ನುತ್ತ ಸುತ್ತಲೂ ನಡೆದ.

"ಡ್ಯಾಡ್," ಎಂದಳು ತನ್ವಿ. ಅವಳು ಕಣ್ಣು ಮುಚ್ಚಿರಲಿಲ್ಲ. "ಲುಕ್ ಅಟ್ ಯುವರ್ ಫೀಟ್."

ಜಯರಾಮ ನೋಡಿಕೊಂಡ. ಅವನ ಪಾದಗಳು ಹಿಮ್ಮಡಿಯಿಂದ ಬೆರಳಿನ ಸಂದಿಯವರೆಗೆ ಕಾಡಿಗೆ ಬಳಿದಂತೆ ಕಪ್ಪಾಗಿದ್ದವು. ಮಹಾದೇವನವೂ ಹಾಗೆಯೇ. ಡೆಕ್ಲನ್ನನ ಬಿಳಿಯ ಕಾಲುಗಳಂತೂ ಕರಿ ಸಾಕ್ಸು ಹಾಕಿದಂತೆ ಕಾಣುತ್ತಿದ್ದವು.

ಅಷ್ಟರಲ್ಲಿ ಹಿಂದಿನಿಂದ ನೋರೀನ್ ಏದುಸಿರು ಬಿಡುತ್ತ ಬಂದರು. ಭೂಗೋಳದ ಟೀಚರಾಗಿ ನಿವೃತ್ತರಾದವರು, ಎತ್ತರದ ದನಿ. ಪಾರ್ಕಿಂಗ್ ಸಿಗದೆ ತಡವಾಯಿತು ಎಂದು ಹೇಳಲು ಬಾಯಿ ತೆರೆದವರು ಸಾಲಾಗಿ ನಿಂತಿದ್ದ ಬರಿಗಾಲುಗಳನ್ನು ನೋಡಿ ನಕ್ಕೇಬಿಟ್ಟರು.

"ಅಯ್ಯೋ ದೇವರೇ, ಸರಿಯಾಗಿ ಇದ್ದಿಲು ಸುಟ್ಟ ಜಾಗದ ಮೇಲೇ ನಿಂತಿದೀರಲ್ಲ! ಪರವಾಗಿಲ್ಲ, ಯು ಆರ್ ಗ್ರ್ಯಾಂಡ್, ತೊಳೆದರೆ ಹೋಗುತ್ತೆ."

"ಎಂಥ ಇದ್ದಿಲು?" ಎಂದ ಜಯರಾಮ.

ನೋರೀನ್ ಹೇಳಿದರು. ಮುನ್ನೂರು ವರ್ಷಗಳ ಹಿಂದೆ ಕೆಳಗೆ ಹೊಳೆಯ ದಂಡೆಯಲ್ಲಿ ಕಬ್ಬಿಣ ಕರಗಿಸುವ ಕುಲುಮೆಯಿತ್ತು. ಅದಕ್ಕೆ ಇದ್ದಿಲು ಬೇಕು. ಈ ಕಾಡಿನ ಮರಗಳನ್ನು ಬುಡ ಬಿಟ್ಟು ಕಡಿದು, ಇಂಥ ಸಮತಟ್ಟು ಜಾಗಗಳಲ್ಲಿ ಗುಡ್ಡೆ ಹಾಕಿ, ಮಣ್ಣು ಮುಚ್ಚಿ ಸುಡುತ್ತಿದ್ದರು. ಬುಡ ಮತ್ತೆ ಚಿಗುರುತ್ತಿತ್ತು, ಮತ್ತೆ ಕಡಿಯುತ್ತಿದ್ದರು. ನಾಲ್ಕೈದು ಕಾಂಡ ಬಂದದ್ದು ಹಾಗೆ. ಇಡೀ ಕಣಿವೆ ಹಗಲಿನಲ್ಲೂ ಹೊಗೆಯಲ್ಲಿ ಮುಳುಗಿರುತ್ತಿತ್ತಂತೆ.

"ಹಂಗಾದ್ರೆ ಪಾಂಡವರು?" ಎಂದು ಮಹಾದೇವ ಪಿಸುಗುಟ್ಟಿದ.

ಜಯರಾಮ ಅಷ್ಟು ಸುಲಭಕ್ಕೆ ಬಿಟ್ಟುಕೊಡಲಿಲ್ಲ. "ಸಿಡಿಲು ಹೊಡೆದು ಕಾಡ್ಗಿಚ್ಚು ಆಗಿರಬಹುದಲ್ಲ?" ಎಂದ.

"ಐರ್ಲೆಂಡಿನ ಈ ಮಳೆಯಲ್ಲಿ?" ಎಂದರು ನೋರೀನ್. "ಇಲ್ಲ ಕಣಪ್ಪ, ಇದು ಫ್ಯಾಕ್ಟರಿ. ಆದರೆ ಒಂದು ವಿಚಿತ್ರ ಹೇಳಲಾ? ಕುಲುಮೆಗೆ ಸೌದೆ ಬೇಕಿತ್ತು ಅನ್ನೋ ಕಾರಣಕ್ಕೇ ಈ ಕಾಡು ಉಳಿದದ್ದು. ಇಲ್ಲದಿದ್ದರೆ ಯಾವತ್ತೋ ಬೋಳಾಗಿ ಇಲ್ಲಿ ಕುರಿ ಮೇಯ್ತಿದ್ವು."

ಕಾಲು ತೊಳೆಯಲು ಎಲ್ಲರೂ ಹೊಳೆಗೆ ಇಳಿದರು. ಜಯರಾಮ ಒಂದು ಕಲ್ಲಿನ ಮೇಲೆ ಕೂತು ಪಾದಗಳನ್ನು ನೀರಿಗಿಟ್ಟ. ರತ್ನಾ ಅವನ ಪಕ್ಕದ ಕಲ್ಲಿನ ಮೇಲೆ ಕೂತು ಟವೆಲ್ ಕೊಟ್ಟಳು. "ಉಜ್ಜಿ. ಸೋಪಿಲ್ದೆ ಹೋಗಲ್ಲ ಇದು, ನಿಮಗೇ ಗೊತ್ತಲ್ಲ," ಎಂದಳು. ಅವನು ಟವೆಲ್ ತೆಗೆದುಕೊಂಡು ಹಿಮ್ಮಡಿ ಉಜ್ಜತೊಡಗಿದ.

ನೀರಿನಲ್ಲಿ ಕೈಯಾಡಿಸುತ್ತಿದ್ದ ಡೆಕ್ಲನ್ ಒಮ್ಮೆಲೇ ಕೂಗಿದ. ಅವನ ಅಂಗೈಯಲ್ಲಿ ಕೋಳಿಮೊಟ್ಟೆ ಗಾತ್ರದ ಒಂದು ಕಲ್ಲು. ಗಾಜಿನಂತೆ ಹೊಳೆಯುವ ನೀಲಿ, ಒಳಗೆ ಸಣ್ಣ ಸಣ್ಣ ಗುಳ್ಳೆಗಳು. ಉಲ್ಕೆಯಿರಬಹುದು ಎಂದ ಡೆಕ್ಲನ್. ಮಹಾದೇವ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, "ಸರ್, ಇದು ಸಾಲಿಗ್ರಾಮ. ಗ್ಯಾರಂಟಿ. ನದೀಲೇ ಸಿಗೋದು. ನಮ್ಮನೇಲಿ ದೇವರ ಶೆಲ್ಫ್‌ನಲ್ಲಿ ಇಡ್ತೀನಿ, ದಿನಾ ಅಭಿಷೇಕ ಮಾಡ್ತೀನಿ," ಎಂದ. ಇನ್ನಿಬ್ಬರು ಹೆಂಗಸರು ಕಲ್ಲನ್ನು ಮುಟ್ಟಿ ನಮಸ್ಕಾರ ಮಾಡಿದರು. ನೋರೀನ್ ಇನ್ನೂ ಹಿಂದೆ ಬರುತ್ತಿದ್ದರು. ಎಲ್ಲರೂ ಜಯರಾಮನ ಮುಖ ನೋಡಿದರು. ಕಾಡಿನವನು ಅವನೇ ತಾನೆ.

ಕಲ್ಲು ಅವನ ಕೈಗೆ ಬಂತು. ಅದರ ತೂಕ ಅವನ ಬೆರಳುಗಳಿಗೆ ಗುರುತಿತ್ತು. ಸುಮ್ಮನಿದ್ದರೆ ಅವತ್ತಿನ ಮಾನ ಅರ್ಧವಾದರೂ ಉಳಿಯುತ್ತಿತ್ತು. ಆದರೆ ಮಹಾದೇವ ಅದಕ್ಕೆ ಹಾಲು ಹುಯ್ಯುವುದನ್ನು ನೆನೆಸಿಕೊಂಡ ಕೂಡಲೇ ಅವನಿಗೆ ತಡೆಯಲಾಗಲಿಲ್ಲ.

"ಸಾಲಿಗ್ರಾಮ ಅಲ್ಲ ಕಣ್ರೀ, ಇದು ಕಿಟ್ಟ!" ಎಂದ.

"ಅಂದ್ರೆ?"

"ಕಬ್ಬಿಣ ಕರಗಿಸಿದ ಮೇಲೆ ಉಳಿಯೋ ಕೊಳೆ. ಎಸೆಯೋ ಸಾಮಾನು. ನಮ್ಮ ಕ್ವಾರ್ಟರ್ಸ್ ಹಿಂದೆ ಗುಡ್ಡದ ಥರ ಬಿದ್ದಿರ್ತಿತ್ತು. ನಾವು ಹುಡುಗ್ರು ಸ್ಕೂಲ್ ಬಿಟ್ಟ ತಕ್ಷಣ ಅದ್ರಲ್ಲೇ ಬಿದ್ದಿರ್ತಿದ್ವಿ. ನೀಲಿ ಸಿಕ್ಕಿದ್ರೆ ರಾಜ. ಒಂದು ನೀಲಿಗೆ ಎರಡು ಹಸಿರು ಕೊಡಬೇಕು. ನನ್ನ ಮಂಡಿ ನೋಡಿ, ಈ ಗಾಯ ಅದರದ್ದೇ!" ಎಂದು ಪ್ಯಾಂಟು ಮೇಲೆತ್ತಿ ಮಂಡಿ ತೋರಿಸಿದ.

ಅವನು ನಿಲ್ಲಿಸಲಿಲ್ಲ. ಸೈರನ್ನು, ಅಮ್ಮನ ಬಟ್ಟೆ, ಅಪ್ಪನ ಬೂಟಿನ ವಾಸನೆ ಎಲ್ಲವೂ ಹೊಳೆಯ ದಂಡೆಯಲ್ಲಿ ಕನ್ನಡ ಇಂಗ್ಲಿಷು ಕಲಸಿ ಹೊರಗೆ ಬಂದವು. ಆಗ ತಾನೇ ಬಂದ ನೋರೀನ್, "ನೀಲಿ ಯಾಕೆ ಆಗುತ್ತೆ, ಹಸಿರು ಯಾಕೆ ಆಗುತ್ತೆ?" ಎಂದು ಆಸೆಯಿಂದ ಕೇಳಿದರು. "ಅದು ಗೊತ್ತಿಲ್ಲ ಮೇಡಂ. ನೀಲಿ ಚೆನ್ನಾಗಿತ್ತು, ಅಷ್ಟೇ," ಎಂದ.

ಡೆಕ್ಲನ್ ಕೇಳಿದ: "ಮತ್ತೆ ಆ ಹುಲಿಗಳು?"

ಜಯರಾಮ ಪ್ಯಾಂಟು ಕೆಳಗಿಳಿಸಿಕೊಂಡ. "ಒಂದು ನೋಡಿದೀನಿ. ಸ್ಕೂಲ್ ಟ್ರಿಪ್ಪಿನಲ್ಲಿ, ಮೈಸೂರು ಮೃಗಾಲಯದಲ್ಲಿ. ಮಲಗಿತ್ತು."

ಮೊದಲು ನಕ್ಕವಳು ರತ್ನಾ. ಇಷ್ಟು ವರ್ಷ ಕಾಫಿ ಮಾಡಲು ಎದ್ದು ಹೋಗಿ ಹೋಗಿ ತಡೆದಿಟ್ಟುಕೊಂಡಿದ್ದ ನಗು ಅದು. ಕಲ್ಲಿನಿಂದ ಜಾರಿ ಹೊಳೆಗೆ ಬೀಳುವಷ್ಟು ನಕ್ಕಳು. ತನ್ವಿ ಹೆಡ್‌ಫೋನ್ ತೆಗೆದು ಅಪ್ಪನ ಹತ್ತಿರ ಬಂದು, ತಾತ ಆ ಕಾರ್ಖಾನೆಯಲ್ಲಿ ನಿಜವಾಗಿ ಏನು ಮಾಡುತ್ತಿದ್ದರು ಎಂದು ಕೇಳಿದಳು. ತನಗೆ ಇದುವರೆಗೆ ಯಾರೂ ಯಾಕೆ ಹೇಳಲಿಲ್ಲ ಎಂದೂ ಕೇಳಿದಳು. ಮೊದಲನೆಯದಕ್ಕೆ ಅವನು ಬಹಳ ಹೊತ್ತು ಉತ್ತರ ಹೇಳಿದ. ಎರಡನೆಯದಕ್ಕೆ ರತ್ನಾಳ ಮುಖ ನೋಡಿದ.

ಹಸಿರು ರಾಯಭಾರಿ ಪದವಿ ಅಕೌಂಟ್ಸಿನ ಒಬ್ಬ ಹೆಂಗಸಿಗೆ ಹೋಯಿತು. ಆಕೆ ಬಾಲ್ಕನಿಯಲ್ಲಿ ಎರಡು ಟೊಮೇಟೊ ಗಿಡ ಬೆಳೆಸಿದ್ದರು, ಅವುಗಳ ಬಗ್ಗೆ ನಿಜ ಹೇಳಿದ್ದರು. ಜಯರಾಮನಿಗೆ ಎರಡು ದಿನ ಬೇಜಾರಾಯಿತು. ಅದಕ್ಕೂ ಮೊದಲು, ಕಾಡಿನಿಂದ ಬಂದ ಮರು ಸೋಮವಾರ, ಅವನು ಅಳುಕುತ್ತಲೇ ಆಫೀಸಿಗೆ ಹೋಗಿದ್ದ. ಅಲ್ಲಿ ಎಲ್ಲರೂ ಹುಲಿಯನ್ನು ಮರೆತು ಕಿಟ್ಟದ ಬಗ್ಗೆ ಕೇಳಿದ್ದರು. ಡೆಕ್ಲನ್ ಆ ನೀಲಿ ಕಲ್ಲನ್ನು ತನ್ನ ಮೇಜಿನ ಮೇಲಿಡುವ ಆಸೆಯಿಂದ ಎತ್ತಿಕೊಂಡು ಬಂದು, ಟ್ರಸ್ಟಿಗೆ ಬರೆದು, ಕಾಡಿನದನ್ನು ಎತ್ತಬಾರದು ಎಂದು ಬೈಸಿಕೊಂಡು, ಆಮೇಲೆ ವಾಪಸ್ಸು ಕೊಟ್ಟು ಬಂದ.

ಇದರಿಂದ ಜಯರಾಮ ವಿನಯ ಕಲಿತ ಎಂದು ಹೇಳಿದರೆ ತಪ್ಪಾಗುತ್ತದೆ. ಮುಂದಿನ ಶನಿವಾರಗಳಲ್ಲಿ ಅವನು ಕಾಡಿನ ಬದಲು ಕಬ್ಬಿಣದ ಋಷಿಯಾದ. ಯಾವ ಕಾಡಿಗೆ ಹೋದರೂ ನೆಲ ಕೆದರಿ ಇದ್ದಿಲು ಹುಡುಕುತ್ತಿದ್ದ. ಕೇಳಿದವರಿಗೂ ಕೇಳದವರಿಗೂ, "ನಾನು ಕುಲುಮೆ ಪಕ್ಕದಲ್ಲೇ ಹುಟ್ಟಿದವನು. ನಿಮಗೆಲ್ಲ ಹೊಗೆ ಅಂದ್ರೆ ಏನು ಗೊತ್ತು?" ಎನ್ನುತ್ತಿದ್ದ. ಮೊದಲು ಅವನಿಂದ ಉಸಿರಾಟ ಕಲಿತಿದ್ದವರು ಈಗ ಮಸಿಯ ಮಹಿಮೆ ಕೇಳಿದರು. ಗುಂಪಿನಲ್ಲಿ ಕೆಲವರು ಗುಟ್ಟಾಗಿ ಬೇರೆ ಗುಂಪು ಮಾಡಿಕೊಂಡು, ಸಮುದ್ರದ ದಂಡೆಗೆ ಹೋಗಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೊಸರನ್ನ ತಿಂದು, ಮನೆ ಬೆಲೆಯ ಮಾತಾಡಿ ಬಂದರು ಎಂಬ ಸುದ್ದಿಯೂ ಇದೆ.

ಸೆಪ್ಟೆಂಬರಿನಲ್ಲಿ ನೋರೀನ್ ಫೋನ್ ಮಾಡಿದರು. ಡೆರಿಗೂಲ್‌ನಲ್ಲಿ ಜನರಿಗೆ ತೋರಿಸಲು ಒಂದು ದಿನ ಇದ್ದಿಲು ಸುಡುತ್ತೇವೆ, ದೊಡ್ಡ ಕಬ್ಬಿಣದ ಡ್ರಮ್ಮಿನಲ್ಲಿ, ಹೊಗೆ ನೋಡಿಕೊಳ್ಳಲು ಆಳು ಬೇಕು ಎಂದರು. ಜಯರಾಮ ಹೊಸ ಬೂಟು ಕೊಂಡು, ಮನೆಯವರನ್ನೂ ಮಹಾದೇವನನ್ನೂ ಕರೆದುಕೊಂಡು ಹೋದ. ಕೆಲಸ ಇಷ್ಟೇ: ಡ್ರಮ್ಮಿನ ಸಂದಿಯಲ್ಲಿ ಎಲ್ಲಾದರೂ ಹೊಗೆ ನುಗ್ಗಿದರೆ ಒದ್ದೆ ಮಣ್ಣು ಮೆತ್ತಬೇಕು. ಕುಲುಮೆಯ ಪಕ್ಕದಲ್ಲಿ ಹುಟ್ಟಿದವನು ಅರ್ಧ ಗಂಟೆಯಲ್ಲೇ ಕಣ್ಣು ಕೆಂಪಾಗಿಸಿಕೊಂಡು ಕೆಮ್ಮತೊಡಗಿದ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬೆಳೆದ ಮಹಾದೇವನಿಗೆ ಏನೂ ಆಗಲಿಲ್ಲ. ಅವನು ಮಣ್ಣು ಮೆತ್ತುತ್ತಲೇ ಇದ್ದ, ಆದರೆ ಅವಸರದಲ್ಲಿದ್ದ ಜಯರಾಮನ ಮಾತು ಕೇಳಿ ಸಂಜೆ ಮುಚ್ಚಳ ಬೇಗ ತೆಗೆದುಬಿಟ್ಟ. ಅರ್ಧ ಇದ್ದಿಲಾಗಿತ್ತು, ಅರ್ಧ ಬರೀ ಸುಟ್ಟ ಸೌದೆ. ನೋರೀನ್ ತಲೆ ಚಚ್ಚಿಕೊಂಡರು.

ರತ್ನಾ ಬುಟ್ಟಿಯಿಂದ ಮುಸುಕಿನ ಜೋಳ ತೆಗೆದಳು. ಸಿಕ್ಕಷ್ಟು ಇದ್ದಿಲನ್ನು ಗುಡ್ಡೆ ಮಾಡಿ, ಬೆಂಕಿ ಮಾಡಿ, ಜೋಳ ಸುಟ್ಟಳು. ಉಪ್ಪು, ಖಾರದ ಪುಡಿ, ನಿಂಬೆಹಣ್ಣು ಉಜ್ಜಿ ಎಲ್ಲರಿಗೂ ಕೊಟ್ಟಳು. ಸಣ್ಣ ಮಳೆ ಶುರುವಾಯಿತು. ನೋರೀನ್ ಒಂದು ತುತ್ತು ಕಚ್ಚಿ, ಖಾರಕ್ಕೆ ಉಸ್ಸೆಂದು, ಇನ್ನೊಂದು ತೆನೆ ಕೇಳಿದರು. ಜಯರಾಮ ಏನೋ ಹೇಳಲು ಹೊರಟ, ಅಷ್ಟರಲ್ಲಿ ಹೊಗೆ ಅವನ ಕಡೆಗೇ ತಿರುಗಿತು. ಅವನು ಕೆಮ್ಮುತ್ತ ಎದ್ದು ಹೋಗಿ ತನ್ವಿಯ ಛತ್ರಿಯ ಕೆಳಗೆ ಸೇರಿಕೊಂಡು, ಸುಮ್ಮನೆ ಜೋಳ ತಿಂದ.