ನಾಗಪ್ಪ ಕಾದ ಗಿಡ

ಕುಂದಲಹಳ್ಳಿ ಕೆರೆ ದಂಡೆಯ ಒಂದು ಗಿಡಕ್ಕೆ ವಿಜ್ಞಾನದ ಹೆಸರಿಟ್ಟವನು ನಾನೇ ಕಣ್ರೀ. ಸುಳ್ಳು. ಹೆಸರು ಯಾವ ಕಾಲದ್ದೋ. ನಾನು ಸಸ್ಯಶಾಸ್ತ್ರದ ಮೇಡಂಗೆ ಕಾರು ಓಡಿಸಿದವನು, ಅಷ್ಟೆ.

ಆ ಹೆಸರಿಗೆ ಆಧಾರವಾಗಿದ್ದ ಒಣಗಿಸಿದ ಮಾದರಿ ಎಲ್ಲೋ ಕಳೆದುಹೋಗಿತ್ತಂತೆ. ಹೂವಿನ ಸಮೇತ ಇನ್ನೊಂದು ತಂದಿಟ್ಟರೆ ಹೆಸರು ಯಾವ ಗಿಡದ್ದು ಅನ್ನೋ ಜಗಳ ಮುಗಿಯುತ್ತೆ. ಮೊದಲನೇದು ಸಿಕ್ಕಿದ್ದು ಆ ಕೆರೆ ಹತ್ತಿರವೇ, ಅದಕ್ಕೆ ಇದೂ ಅಲ್ಲಿಯದ್ದೇ ಬೇಕು ಅಂತ ಮೇಡಂ ಹಟ. ಹುಡುಕಿದರೆ ದಂಡೆ ಪಕ್ಕದ ಒಂದು ಐಟಿ ಕಂಪನಿ ಕಾಂಪೌಂಡಿನ ಹಿಂದೆ ಒಂದೇ ಗಿಡ ಉಳಿದಿತ್ತು, ಬರೀ ಮೊಗ್ಗು. ಎದುರಿಗೇ ಹುಲ್ಲು ಕತ್ತರಿಸೋ ಮಿಷಿನ್ ಹಿಡಿದು ಒಬ್ಬರು ಬರ್ತಿದ್ದರು.

"ಅಣ್ಣ, ಅಲ್ಲಿ ನಾಗರಹಾವಿದೆ," ಅಂದೆ.

ಅವರು ಮಿಷಿನ್ ಆರಿಸಿದರು. "ಎಷ್ಟುದ್ದ?"

ಎರಡೂ ಕೈ ಚಾಚಿ ತೋರಿಸಿದೆ.

"ನಾನು ಹುಟ್ಟಿದ್ದೇ ಈ ಊರಲ್ಲಿ ಸಾರ್. ಅಷ್ಟುದ್ದದ್ದು ಕೆರೆ ತುಂಬಿದ್ದಾಗ್ಲೂ ಇರ್ಲಿಲ್ಲ."

ಸುಳ್ಳು ಹೇಳೋಕೆ ಬಾರದ ಮೇಡಂ ನಿಜ ಹೇಳಿಬಿಟ್ಟರು. ಹೂ ಬಿಡೋಕೆ ಇನ್ನೊಂದು ವಾರ ಬೇಕು ಅಂದರು.

"ಸೂಪರ್‌ವೈಸರ್ ಇವತ್ತೇ ಕ್ಲೀನ್ ಮಾಡು ಅಂದವ್ರೆ. ನೋಡಾನ."

ವಾರ ಬಿಟ್ಟು ಹೆದರುತ್ತಲೇ ಹೋದೆವು. ಸುತ್ತ ಎಲ್ಲ ಬೋಳು. ಗಿಡ ಮಾತ್ರ ನೀಲಿ ಹೂ ಬಿಟ್ಟು ನಿಂತಿತ್ತು. ಬುಡದಲ್ಲಿ ಅರಿಶಿನ ಕುಂಕುಮ ಹಚ್ಚಿದ ಕಲ್ಲು, ಲೋಟದಲ್ಲಿ ಹಾಲು. ಐಡಿ ಕಾರ್ಡ್ ನೇತುಹಾಕಿಕೊಂಡ ಇಬ್ಬರು ಕೈ ಮುಗಿಯುತ್ತಿದ್ದರು. ಅವರು ಹೋಗೋ ತನಕ ಮೇಡಂ ಕತ್ತರಿ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದು, ಆಮೇಲೆ ಚಪ್ಪಲಿ ಬಿಟ್ಟು ಹೋಗಿ ಒಂದು ಕೊಂಬೆ ತೆಗೆದರು.

"ಬರೀ ಹಾವು ಅಂದಿದ್ರೆ ಹೊಡೆಯೋಕ್ ಬರ್ತಿದ್ರು ಸಾರ್," ಅಂದರು ಹಿಂದಿನಿಂದ ಬಂದ ಮಿಷಿನ್ ಅಣ್ಣ. "ಅದಕ್ಕೇ ದೇವ್ರು ಮಾಡ್ದೆ."

ನನ್ನ ಸುಳ್ಳಿಗೆ ಇಷ್ಟು ಮರ್ಯಾದೆ ಕೊಟ್ಟವರು ಅವರೊಬ್ಬರೇ. ಆ ಕಡೆ ಹೋದಾಗೆಲ್ಲ ಅವರಿಗೆ ಟೀ ಕುಡಿಸಿಯೇ ಬರ್ತೀನಿ. ಈಗಲೂ ಅಲ್ಲಿಂದಲೇ ಬಂದೆ, ಜೇಬು ಖಾಲಿ. ನನ್ನ ಟೀ ದುಡ್ಡು ನೀವೇ ಕೊಟ್ಟುಬಿಡಿ.