ರಟ್ಟು ಸರಿಮಾಡಿ ಕೊಡಬೇಕು

ಟಕಾಟಕ್, ಟಕಾಟಕ್. ಬನಹಟ್ಟಿಯ ಆ ಓಣಿಯಲ್ಲಿ ಬೆಳಕಿಗಿಂತ ಮೊದಲು ಮಗ್ಗಗಳ ಸದ್ದು ಏಳುತ್ತದೆ. ಸಂಧ್ಯಾಳ ಮನೆಯ ಪಡಸಾಲೆಯಲ್ಲಿ ಎರಡು ಪವರ್‌ಲೂಮ್, ಹಿಂದಿನ ಕೋಣೆಯಲ್ಲಿ ಅವಳ ಕಂಪ್ಯೂಟರು. ಮಗ್ಗ ಓಡುವಾಗ ಅವಳಿಗೆ ಸದ್ದು ಕೇಳಿಸುವುದೇ ಇಲ್ಲ, ನಿಂತಾಗ ಕೇಳಿಸುತ್ತದೆ. ನಿಂತಿತೆಂದರೆ ಎಳೆ ಹರಿದಿದೆ. ತಾಯಿ ಕೆಂಪವ್ವನ ಕಣ್ಣು ಮಂಜಾದ ಮೇಲೆ ಹರಿದ ಎಳೆ ಹುಡುಕಿ ಗಂಟು ಹಾಕುವುದು ಅವಳ ಪಾಲಿಗೆ ಬಂದಿದೆ.

ವಾರದ ದಿನಗಳಲ್ಲಿ ಅವಳು ಕಾಲೇಜೊಂದರ ಕಂಪ್ಯೂಟರ್ ಕೋಣೆ ನೋಡಿಕೊಳ್ಳುತ್ತಾಳೆ. ಅಲ್ಲಿನ ಹುಡುಗರು ಕನ್ನಡದಲ್ಲಿ ವೆಬ್ ಪುಟ ಮಾಡಲು ಪಡುವ ಪಾಡು ನೋಡಲಾಗದೆ ಬಟನ್ನು, ಮೆನು, ಹೆಸರು ತುಂಬುವ ಖಾನೆ ಎಲ್ಲವನ್ನೂ ಒಂದೊಂದಾಗಿ ಬರೆದು ಕೂಡಿಟ್ಟಳು. ಪುಟ ಕಟ್ಟುವವರು ಬೇಕಾದ್ದನ್ನು ಎತ್ತಿ ಜೋಡಿಸಿಕೊಂಡರಾಯಿತು. ‘ಅಂಚು’ ಎಂದು ಹೆಸರಿಟ್ಟು 2014ರಲ್ಲಿ ಓಪನ್ ಸೋರ್ಸ್ ಆಗಿ ಇಂಟರ್ನೆಟ್ಟಿಗೆ ಬಿಟ್ಟಳು. ಯಾರಾದರೂ ಒಯ್ಯಲಿ, ತಿದ್ದಲಿ, ವ್ಯಾಪಾರಕ್ಕೂ ಬಳಸಲಿ; ಬರೆದವಳ ಹೆಸರಿನ ಸಾಲನ್ನು ಮಾತ್ರ ಅಳಿಸಬಾರದು.

ಇದನ್ನು ಅವಳು ಎಲ್ಲಿಂದಲೋ ಕಲಿಯಬೇಕಾಗಿರಲಿಲ್ಲ. ಮಗ್ಗಕ್ಕೆ ಏರಿಸಿದರೆ ಸೀರೆ ಅಂಚಿನ ನಕ್ಷೆ ಮೂಡಿಸುವ, ತೂತು ಹೊಡೆದ ರಟ್ಟಿನ ಸರವನ್ನು ಅಪ್ಪ ಗಂಗಾರಾಮ ಓಣಿಗೆಲ್ಲ ಕೊಡುತ್ತಿದ್ದ. ಮೊದಲ ರಟ್ಟಿನ ಮೇಲೆ ಅವನ ಹೆಸರಿರುತ್ತಿತ್ತು. ಒಯ್ದವರು ನೇಯ್ದು ಮುಗಿಸಿ, ಹರಿದ ರಟ್ಟಿನ ಜಾಗಕ್ಕೆ ಹೊಸದು ಹೊಡೆದು ಜೋಡಿಸಿ ತಂದಿಡುತ್ತಿದ್ದರು. ಸರಿಮಾಡದೆ ಹರಿದದ್ದನ್ನು ಹಾಗೇ ತಂದಿಟ್ಟವನಿಗೆ ಕೆಂಪವ್ವ ಚಹಾ ಕೊಡುತ್ತಿರಲಿಲ್ಲ.

ನಾಲ್ಕು ವರ್ಷ ಕಳೆದ ಮೇಲೆ, ಒಂದು ರವಿವಾರ ಯಲ್ಲಾಲಿಂಗ ಬಂದ. ಚಿಮ್ಮಡದವನು, ಸಂಧ್ಯಾಳ ಕಂಪ್ಯೂಟರ್ ಕೋಣೆಯಲ್ಲೇ ‘ಅಂಚು’ ಹಿಡಿದು ಪುಟ ಕಟ್ಟಲು ಕಲಿತವನು. ಈಗ ಹುಬ್ಬಳ್ಳಿಯ ಕಂಪನಿಯೊಂದರಲ್ಲಿದ್ದ.

“ನಮ್ಮ ಪುಟ ನೋಡ್ರಿ ಅಕ್ಕಾರ,” ಎಂದು ಫೋನು ಹಿಡಿದ. ಸೀರೆ ಮಾರುವ ಪುಟ. ಬಟನ್ನು ಅವಳದು, ಮೆನು ಅವಳದು. ‘ಬಣ್ಣ ಆರಿಸಿ’ ಎಂಬಲ್ಲಿ ಒತ್ತಕ್ಷರ ಪೂರ್ತಿ ಕಾಣುತ್ತಿತ್ತು. ಸಣ್ಣ ಫೋನುಗಳಲ್ಲಿ ಅದು ಅರ್ಧ ಕತ್ತರಿಸಿ ಹೋಗುತ್ತದೆಂದು ಜನ ಅವಳಿಗೆ ದೂರು ಬರೆಯುತ್ತಲೇ ಇದ್ದರು.

“ಇದು ಯಾವಾಗ ಸರಿ ಆತು?”

“ವರ್ಷ ಆತ್ರಿ. ನಮ್ಮ ಟೀಮ್ ಮಾಡೇತಿ.”

“ನಾ ಇಲ್ಲಿ ವರ್ಷಗಟ್ಟಲೆ ಇದಕ್ಕ ತಲಿ ಒಡಕೊಳ್ಳಾಕತ್ತೀನಿ. ನೀ ಬಾಯಿ ಮುಚ್ಚಿಕೊಂಡು ಕುಂತಿದ್ದಿ.”

“ತಿದ್ದಿದ್ದು ತಿರುಗಿ ಕೊಡಬೇಕಂತ ನೀವೇನ್ ಬರದಿಲ್ಲಲ್ರಿ. ಕಾಯ್ದೆ ಪ್ರಕಾರ ತಪ್ಪಲ್ಲ.”

ಅದು ನಿಜವಾಗಿತ್ತು. ನಿಜವಾಗಿದ್ದಕ್ಕೇ ಅವಳ ಕಿವಿ ಕಾದವು.

“ಹೆಸರಿನ ಸಾಲು ಅಳಿಸಬ್ಯಾಡಂತ ಬರದೀನಲ್ಲ. ಅದೆಲ್ಲಿ?”

ಅವನು ಫೋನಿನ ಗಾಜು ಒರೆಸಿದ. “ಅದು ಕೆಲಸದ ಗಡಿಬಿಡಿಯೊಳಗ ಹೋಗಿರಬೇಕ್ರಿ. ನಾ ಬಂದ ಕೆಲಸ ಬ್ಯಾರೆ ಐತ್ರಿ. ‘ಅಂಚು’ ನಮ್ಮ ಕಂಪನಿ ಹೆಸರಿಗೆ ಬರದು ಕೊಡ್ರಿ. ನೌಕರಿ ಕೊಡ್ತೀವಿ, ಮನಿಯಾಗ ಕುಂತು ಮಾಡ್ರಿ. ಇನ್ಮ್ಯಾಲೆ ಹೊಸಾದು ಯಾರಿಗೂ ಪುಕ್ಕಟೆ ಕೊಡೂದು ಬ್ಯಾಡ, ಅಷ್ಟ.”

ಕೆಂಪವ್ವ ಚಹಾ ತಂದಳು. “ಮನಿಯಾಗ ನೌಕರಿ ಕೊಡ್ತೀವಿ ಅನ್ನಾಕತ್ತಾನಲ್ಲಬೇ. ಸಿಟ್ಟ್ಯಾಕ?”

“ಯವ್ವಾ, ಅಪ್ಪನ ರಟ್ಟು ಒಯ್ದಂಗ ನಂದು ಒಯ್ದು, ಹೆಸರು ಕೆರದು ತಗದು, ಹರಿದದ್ದು ತಾವಷ್ಟ ಸರಿಮಾಡಿಕೊಂಡಾರ. ಈಗ ಓಣಿಗೆ ಕೊಡಬ್ಯಾಡ ಅಂತ ಹೇಳಾಕ ಬಂದಾನ.”

ಕೆಂಪವ್ವ ಅವನ ಮುಖವನ್ನು ತಡವಿದಂತೆ ನೋಡಿದಳು. “ಹೌದೇನಪ್ಪಾ?”

ಅವನು ಫೋನನ್ನು ಜೇಬಿಗಿಳಿಸಿದ. ಕೆಂಪವ್ವ ಅವನಿಗೆಂದು ತಂದ ಬಟ್ಟಲನ್ನು ತಾನೇ ಬಾಯಿಗಿಟ್ಟಳು.

“ಬರದು ಕೊಡೂದಿಲ್ಲ,” ಎಂದಳು ಸಂಧ್ಯಾ. “ಹೆಸರು ಮೊದಲಿದ್ದಲ್ಲಿ ಹಾಕ್ರಿ. ಸರಿಮಾಡಿದ್ದು ಎಲ್ಲಾರಿಗೂ ಸಿಗೂ ಹಂಗ ಮಾಡ್ರಿ. ಆಮ್ಯಾಲೆ ಮನಿಗೆ ಬಾ.”

“ಕಾಲ ಬದಲಾಗೇತ್ರಿ ಅಕ್ಕಾರ. ರಟ್ಟಿನ ಮಾತು ಈಗ್ಯಾಕ? ಸಾಹೇಬ್ರು ಏನಂತಾರಂದ್ರ, ನೀವು ಒಂದು ಸಹಿ…”

ಪಡಸಾಲೆಯಲ್ಲಿ ಒಂದು ಮಗ್ಗ ನಿಂತಿತು. ಸಂಧ್ಯಾ ಎದ್ದು, ಅವನು ಇನ್ನೂ ಮಾತಾಡುತ್ತಿರುವಾಗಲೇ, ಹರಿದ ಎಳೆಯ ಕಡೆಗೆ ನಡೆದಳು.