ಶೆಡ್ಡಿನಲ್ಲಿ ಸಿಕ್ಕ ನಿಂಬೆಹಣ್ಣು

ಆ ನಿಂಬೆಹಣ್ಣು ನನ್ನ ಕಣ್ಣಿಗೆ ಬಿದ್ದದ್ದು ಒಂದು ಶನಿವಾರ ಬೆಳಿಗ್ಗೆ. ಶೆಡ್ಡಿನ ಬಾಗಿಲು ಮೇಲಕ್ಕೆತ್ತಿ, ಎಂದಿನಂತೆ ಕಾರಿಗೆ ಒಂದು ಪ್ರದಕ್ಷಿಣೆ ಹಾಕುತ್ತಿದ್ದೆ. ಮುಂದಿನ ಚಕ್ರದ ಹಿಂದೆ, ಸಿಮೆಂಟಿನ ಮೇಲೆ, ಅಪ್ಪಚ್ಚಿಯಾಗಿ ಒಣಗಿದ ಹಣ್ಣು. ಸಿಪ್ಪೆಯ ಮೇಲೆ ಕುಂಕುಮ. ಆಯುಧಪೂಜೆ ಮುಗಿದು ತಿಂಗಳಾಗಿತ್ತು, ಅವತ್ತಿನ ಹಣ್ಣುಗಳನ್ನೆಲ್ಲ ನಾನೇ ಗುಡಿಸಿ ಬಿಸಾಕಿದ್ದೆ. ಯಾರೋ ನನ್ನ ಕಾರಿಗೆ ಮಾಟ ಮಾಡಿಸಿದ್ದಾರೆ ಎಂದು ನಿಂತ ನಿಲುವಿನಲ್ಲೇ ತೀರ್ಮಾನಿಸಿದೆ.

ನಗುವವರು ನಗಲಿ. ಅದು ಎಂಥ ಕಾರು ಎಂದು ಗೊತ್ತಿದ್ದರೆ ಅವರೂ ನಗುತ್ತಿರಲಿಲ್ಲ. ಮೈಸೂರಿನಲ್ಲಿ ಚಡ್ಡಿ ಹಾಕುತ್ತಿದ್ದ ಕಾಲಕ್ಕೇ ಬೀದಿಯ ತಿರುವಿನಾಚೆ ಬರುತ್ತಿರುವ ಅಂಬಾಸಿಡರ್ ಯಾರ ಮನೆಯದು ಎಂದು ಶಬ್ದದ ಮೇಲೆ ಹೇಳುತ್ತಿದ್ದವನು ನಾನು. ಎಂಜಿನಿಯರಾಗಿ ಆಸ್ಟ್ರೇಲಿಯಾದ ಪರ್ತ್‌ಗೆ ಬಂದ ಹೊಸದರಲ್ಲಿ, ಸ್ವಾನ್ ವ್ಯಾಲಿಯ ಒಂದು ದ್ರಾಕ್ಷಿ ತೋಟದ ಹಿಂದೆ, ಕೋಳಿಗಳು ಮೊಟ್ಟೆಯಿಡುತ್ತಿದ್ದ ಹಳೆಯ ಅಮೆರಿಕನ್ ಕಾರೊಂದು ಕಂಡಿತು. ನನ್ನ ತಾತನ ಕಾಲದ್ದು. ಎರಡೇ ಸೀಟು, ಉದ್ದ ಮೂತಿ, ಗುಂಡು ಬೆನ್ನು. ಎಂಜಿನ್ನಿರಲಿಲ್ಲ, ನೆಲವೂ ಇರಲಿಲ್ಲ. ಅವತ್ತು ರಾತ್ರಿ ಊಟ ಸೇರಲಿಲ್ಲ ನನಗೆ. ಮರುದಿನವೇ ಹೋಗಿ ಕೊಂಡುಕೊಂಡೆ. ಕೆಲಸ ಬ್ರಿಸ್ಬೇನ್‌ಗೆ ಬದಲಾದಾಗ ಮನೆ ಸಾಮಾನಿಗಿಂತ ಮೊದಲು ಅದನ್ನು ಲಾರಿಗೆ ಹತ್ತಿಸಿದೆ. ಎಂಜಿನ್ನು, ಗೇರ್‌ಬಾಕ್ಸು ಅಲ್ಲೇ ಹತ್ತಿರದ ಇಪ್ಸ್‌ವಿಚ್‌ನ ಒಂದು ಗುಜರಿಯಲ್ಲಿ ಸಿಕ್ಕವು. ಹೊರಗೆ ಹಳೇ ಕಾಲದ ಬಾಡಿ, ಒಳಗೆ ಈ ಕಾಲದ ಎಂಜಿನ್ನು, ಬ್ರೇಕು. ಇಂಥದ್ದಕ್ಕೆ ಇಲ್ಲಿಯವರು ಸ್ಟ್ರೀಟ್ ರಾಡ್ ಅನ್ನುತ್ತಾರೆ.

ಜೀವ ಬಂದದ್ದು ಮಾತ್ರ ಅಡಿಲೇಡಿನಲ್ಲಿ, ಮಾಡ್ಬರಿಯ ನಮ್ಮ ಈ ಶೆಡ್ಡಿನಲ್ಲಿ, ಪಕ್ಕದ ಮನೆಯ ಮುದುಕನ ಕೈಯಿಂದ. ವಯಸ್ಸಿನಲ್ಲಿ ಟಿಂಕರಿಂಗ್ ಮಾಡುತ್ತಿದ್ದವನು. ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ ಇದ್ದ. ನಾವು ಮನೆಗೆ ಬಂದ ವಾರವೇ ಬೇಲಿಯ ಮೇಲಿಂದ ಇಣುಕಿ, 'ಅದರ ಬಾಗಿಲು ಸೊಟ್ಟಗಿದೆಯಲ್ಲ ಮೇಟ್' ಎಂದ. ಅಲ್ಲಿಂದ ಎಷ್ಟೋ ವರ್ಷ, ಭಾನುವಾರ ಬಂತೆಂದರೆ ಇಬ್ಬರೂ ಶೆಡ್ಡಿನಲ್ಲಿ. ಅವನು ತಗಡು ತಟ್ಟುತ್ತಿದ್ದ, ನಾನು ವೈರು ಎಳೆಯುತ್ತಿದ್ದೆ. ಬದನೆಕಾಯಿ ಬಣ್ಣ ಹೊಡೆದದ್ದೂ ಅವನೇ. ಮೂರು ಊರು ಸುತ್ತಿದವನು ನಾನು. ಪರಿಚಯದವರು ಬೇಕಾದಷ್ಟು ಜನ. ಗೆಳೆಯ ಅಂತ ಇದ್ದವನು ಅವನೊಬ್ಬನೇ.

ಅಂಥವನ ಹತ್ತಿರ ಕಾರಿನ ಒಂದು ಕೀ ಕೊಟ್ಟಿದ್ದೆ. ಆಗಾಗ ಕೆಲಸದ ಮೇಲೆ ನಾನು ಪರ್ತ್‌ಗೆ ಹೋಗಬೇಕಾಗುತ್ತಿತ್ತು. ಎಂಜಿನ್ ತಣ್ಣಗೆ ಕೂರಬಾರದು, ಶೆಡ್ಡಿನೊಳಗೇ ಸ್ವಲ್ಪ ಹೊತ್ತು ಚಾಲೂ ಮಾಡು, ಹೊರಗೆ ಮಾತ್ರ ತೆಗೆಯಬೇಡ ಎಂದಿದ್ದೆ. ಹೆಂಡತಿಗೆ ಆಸ್ಪತ್ರೆಯ ಕೆಲಸಕ್ಕೆ ಹೋಗಲು ಸಣ್ಣ ಆಟೋಮ್ಯಾಟಿಕ್ ಕಾರು ಬೇರೆ ಇತ್ತು. ಇದರಲ್ಲಿ ಅವಳ ಜಾಗ ಎಡಗಡೆಯ ಸೀಟು. ಕಾಫಿ ಫ್ಲಾಸ್ಕು, ಕಾರೊರೆಸುವ ಬಟ್ಟೆ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು.

ಅನುಮಾನ ನನ್ನ ಹುಟ್ಟುಗುಣ, ಸುಟ್ಟರೂ ಹೋಗುವಂಥದ್ದಲ್ಲ. ಆದರೆ ಅದಕ್ಕೆ ಈ ಕಾರೂ ಗೊಬ್ಬರ ಹಾಕಿತು. ಸರ್ವೋದಲ್ಲಿ ಪೆಟ್ರೋಲ್ ಹಾಕಿಸಲು ನಿಂತರೆ ಸಾಕು, ಯಾರಾದರೊಬ್ಬ ಬಂದು ಕಾರನ್ನೊಮ್ಮೆ ನೋಡಿ, ನನ್ನ ಮುಖವನ್ನೊಮ್ಮೆ ನೋಡಿ, 'ಇದು ನಿಂದೇನಾ?' ಎನ್ನುವನು. ಪೊಲೀಸರೂ ನಿಲ್ಲಿಸಿ ಅದನ್ನೇ ಕೇಳಿದ್ದುಂಟು. ಎಲ್ಲರೂ ನನ್ನನ್ನು ಅನುಮಾನಿಸುವಾಗ ನಾನು ಮಾತ್ರ ಯಾಕೆ ಎಲ್ಲರನ್ನೂ ನಂಬಬೇಕು, ಹೇಳಿ?

ನಿಂಬೆಹಣ್ಣನ್ನು ಕಸದ ಮೊರದಲ್ಲಿ ಎತ್ತಿಕೊಂಡು ಅಡುಗೆಮನೆಗೆ ಬಂದೆ. ಹೆಂಡತಿ ದೋಸೆ ಹುಯ್ಯುತ್ತಿದ್ದಳು.

"ಅಯ್ಯೋ, ಅದನ್ನ ಯಾಕ್ರೀ ಒಳಗೆ ತಂದ್ರಿ?" ಎಂದಳು.

"ಕುಂಕುಮ ನೋಡು. ಮಾಟ ಕಣೇ ಇದು."

"ಮಾಟಾನಾ? ಮಾಡ್ಬರೀಲಾ?" ಎಂದು ನಕ್ಕುಬಿಟ್ಟಳು. "ಹಿತ್ತಿಲಲ್ಲೇ ನಿಂಬೆ ಗಿಡ ಇದೆ. ಯಾವುದೋ ಇಲಿ ಎಳ್ಕೊಂಡು ಬಂದಿರತ್ತೆ ಬಿಡ್ರೀ."

"ಕುಂಕುಮಾನೂ ಇಲಿ ಹಚ್ತಾ?"

ಅವಳು ದೋಸೆ ಮಗುಚಿದಳು. ನನ್ನ ಮೊದಲ ಅನುಮಾನ ನಮ್ಮ ಕನ್ನಡ ಕೂಟದ ಒಬ್ಬ ಮಹಾಶಯನ ಮೇಲೆ ಹೋಯಿತು. ದಸರಾ ಊಟದ ದಿನ ಕಾರಿನ ಸುತ್ತ ತಿರುಗಿ ತಿರುಗಿ, 'ಏನ್ ಸಾರ್, ರಾಜರ ಥರ ಇದ್ದೀರಲ್ಲ' ಎಂದಿದ್ದ. ಕಣ್ಣು ಹಾಕುವವರು ಹಾಗೇ ಮಾತಾಡುವುದು. ಮುಂದಿನ ಕೂಟದಲ್ಲಿ ಅವನ ಕೈಯಿಂದ ನೀರನ್ನೂ ಇಸಿದುಕೊಳ್ಳಲಿಲ್ಲ ನಾನು.

ಆಮೇಲೆ ಒಂದು ಸಲ ಪರ್ತ್‌ನಿಂದ ಬಂದವನೇ ಶೆಡ್ಡಿಗೆ ಹೋಗಿ ನೋಡಿದರೆ, ಮುಂದಿನ ಗಾಜಿನ ಬುಡದಲ್ಲಿ ಒಂದು ಹೂವು ಸಿಕ್ಕಿಕೊಂಡಿತ್ತು. ಜಕರಂದಾ. ಕಾರಿನದೂ ನೇರಳೆ, ಹೂವಿನದೂ ನೇರಳೆ. ಬೇರೆಯವನಾಗಿದ್ದರೆ ಗಮನಿಸುತ್ತಲೇ ಇರಲಿಲ್ಲ. ನಮ್ಮ ಬೀದಿಯಲ್ಲಿ ಜಕರಂದಾ ಮರವೇ ಇಲ್ಲ. ಒಳಗೆ ಕೂತೆ. ಹಿಂದೆ ನೋಡುವ ಕನ್ನಡಿ ಸ್ವಲ್ಪ ಕೆಳಗೆ ವಾಲಿತ್ತು. ಮಾಟವೂ ಇಲ್ಲ, ಮಂತ್ರವೂ ಇಲ್ಲ. ಯಾರೋ ನನ್ನ ಕಾರನ್ನು ಹೊರಗೆ ಓಡಿಸುತ್ತಿದ್ದರು!

ಕೀ ಇದ್ದದ್ದು ಯಾರ ಹತ್ತಿರ? ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಆದರೂ ನಂಬಲು ಮನಸ್ಸಾಗಲಿಲ್ಲ. ಬ್ರಿಸ್ಬೇನ್‌ನಲ್ಲಿ ಓದುತ್ತಿದ್ದ ಮಗಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಡ್ಯಾಡ್, ಜಸ್ಟ್ ಲೀವ್ ಇಟ್" ಎಂದು ನಗುತ್ತ ಫೋನಿಟ್ಟಳು. ಆ ನಗು ಯಾಕೋ ಸರಿಹೋಗಲಿಲ್ಲ. ಮುದುಕ ಅವಳಿಗೂ ಪ್ರೀತಿಯ ಅಜ್ಜ, ಬಿಟ್ಟುಕೊಡುವುದಿಲ್ಲ ಎಂದುಕೊಂಡೆ.

ಒಂದು ಸಂಜೆ ಬೇಲಿಯ ಹತ್ತಿರ ನಿಂತು ಕೇಳಿಯೇಬಿಟ್ಟೆ. "ನಾನಿಲ್ಲದಾಗ ಕಾರು ಹೊರಗೆ ಹೋಗ್ತಿದೆಯಾ?"

ಅವನು ಟೊಮ್ಯಾಟೊ ಗಿಡಕ್ಕೆ ಕೋಲು ಕಟ್ಟುತ್ತಿದ್ದ. ಕೈ ನಿಂತಿತು. "ಅದನ್ನು ನನ್ನ ಕೇಳಬೇಡ, ಮೇಟ್" ಎಂದ, ತಲೆ ಎತ್ತದೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಕೈ ಚಾಚಿ, "ಹಾಗಾದ್ರೆ ಕೀ ಕೊಡು" ಎಂದೆ.

ಜೇಬಿನಿಂದ ಗೊಂಚಲು ತೆಗೆದ. ವಯಸ್ಸಾದ ಬೆರಳು, ರಿಂಗಿನಿಂದ ಕೀ ಬಿಡಿಸಲು ಹೊತ್ತು ಹಿಡಿಯಿತು. ಅಂಗೈಯಲ್ಲಿಟ್ಟು, "ನಾನು ಕದ್ದು ಓಡಿಸ್ತೀನಿ ಅಂತಲಾ?" ಎಂದ. ಇಲ್ಲ ಎನ್ನಬಹುದಿತ್ತು. ಅನ್ನಲಿಲ್ಲ. ಅವನು ಮನೆಯೊಳಗೆ ಹೋದ. ಮುಂದಿನ ಭಾನುವಾರ ಶೆಡ್ಡಿಗೆ ಬರಲಿಲ್ಲ, ಅದರ ಮುಂದಿನ ಭಾನುವಾರವೂ ಇಲ್ಲ. "ಅಂಕಲ್ ಯಾಕೆ ಬಂದಿಲ್ಲ?" ಎಂದು ಹೆಂಡತಿ ಕೇಳಿದಾಗ ಮಂಡಿನೋವಂತೆ ಎಂದು ಹಾರಿಸಿಬಿಟ್ಟೆ.

ಕೀ ಬಂತು, ಪೀಡೆ ಕಳೆಯಿತು ಎಂದುಕೊಂಡಿದ್ದರೆ, ಮತ್ತೆ ಅದೇ ಜಾಗದಲ್ಲಿ ಇನ್ನೊಂದು ನಿಂಬೆಹಣ್ಣು! ಈ ಸಲ ಹಸಿಯಾಗಿತ್ತು, ರಸ ಆರಿರಲಿಲ್ಲ. ನಕಲಿ ಕೀ ಮಾಡಿಸಿಟ್ಟುಕೊಂಡಿದ್ದಾನೆ, ಆಯುಧಪೂಜೆಯಲ್ಲಿ ನಾವು ಮಾಡಿದ್ದನ್ನು ನೋಡಿ ನನ್ನನ್ನೇ ಅಣಕಿಸುತ್ತಿದ್ದಾನೆ ಎಂದು ಹಲ್ಲು ಕಡಿದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ನಿಂಬೆಹಣ್ಣಂತೂ ಮೊದಲೇ ಹಳದಿ.

ಕಳ್ಳನನ್ನು ಕೈಯಾರೆ ಹಿಡಿಯಬೇಕು ಎನಿಸಿತು. ಒಂದು ಗುರುವಾರ ಬೆಳಿಗ್ಗೆ ಪರ್ತ್‌ಗೆ ಹೊರಟೆ ಎಂದು ಹೆಂಡತಿಗೆ ಹೇಳಿ, ಬ್ಯಾಗು ಹಿಡಿದು ಟ್ಯಾಕ್ಸಿ ಹತ್ತಿದೆ. ಶಾಪಿಂಗ್ ಸೆಂಟರಿನ ಹತ್ತಿರ ಇಳಿದು, ಟೋಪಿ, ಕಪ್ಪು ಕನ್ನಡಕ ಹಾಕಿಕೊಂಡು ವಾಪಸ್ ನಡೆದೆ. ನಮ್ಮ ಮನೆಯ ಎದುರಿಗೇ ಬಸ್ ಸ್ಟಾಪು. ಅಲ್ಲಿ ಪೇಪರ್ ಅಡ್ಡ ಹಿಡಿದು ಕೂತೆ. ಬಸ್ಸುಗಳು ಬಂದವು, ಹೋದವು, ನಾನು ಏಳಲಿಲ್ಲ. ಮಗುವನ್ನು ತಳ್ಳುಗಾಡಿಯಲ್ಲಿ ತಳ್ಳಿಕೊಂಡು ಹೋಗುತ್ತಿದ್ದ ಹೆಂಗಸೊಬ್ಬಳು ನನ್ನನ್ನು ದುರುಗುಟ್ಟಿ ನೋಡಿ ಆಚೆ ಬದಿಗೆ ದಾಟಿದಳು.

ಬಿಸಿಲೇರಿದ ಮೇಲೆ ಶೆಡ್ಡಿನ ಬಾಗಿಲು ಎದ್ದಿತು. ಎತ್ತಿದವಳು ನನ್ನ ಹೆಂಡತಿ. ಗುರುವಾರ ಅವಳಿಗೆ ರಜೆ. ಕಸ ಗುಡಿಸಲು ಬಂದಳೇನೋ ಎಂದುಕೊಂಡೆ, ದೇವರಾಣೆ, ಆಗಲೂ ಹಾಗೇ ಅಂದುಕೊಂಡೆ. ಅವಳು ಮುಂದಿನ ಚಕ್ರದ ಹಿಂದೆ ಬಗ್ಗಿ ಏನೋ ಇಟ್ಟಳು, ಬಾನೆಟ್ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಪಕ್ಕದ ಮನೆಯಿಂದ ಮುದುಕ ನಿಧಾನವಾಗಿ ಬಂದು ಎಡಗಡೆ ಕೂತ. ಕಾಫಿ ಫ್ಲಾಸ್ಕು ಅವನ ತೊಡೆಯ ಮೇಲೆ. ಇವಳು ಬಲಗಡೆ ಹತ್ತಿದಳು. ಎಂಜಿನ್ ಗುಡುಗಿತು. ನನ್ನ ಕಾಲು ತಾನಾಗಿ ಕ್ಲಚ್ ತುಳಿಯಿತು. ಈಗ ಎಗರುತ್ತೆ, ಈಗ ನಿಲ್ಲುತ್ತೆ, ಈಗ ಗೇಟಿಗೆ ಗುದ್ದುತ್ತೆ ಎಂದು ಉಸಿರು ಹಿಡಿದೆ. ಕಾರು ಬೆಣ್ಣೆಯ ಹಾಗೆ ಹಿಂದಕ್ಕೆ ಜಾರಿ ರಸ್ತೆಗಿಳಿದು, ಗೇರ್ ಬದಲಿಸಿ, ನನ್ನ ಮುಂದೆಯೇ ಹಾದುಹೋಯಿತು. ಅವಳು ಏನೋ ಹೇಳಿ ನಗುತ್ತಿದ್ದಳು.

ಅವರು ಹಿಂದಿರುಗುವಷ್ಟರಲ್ಲಿ ನಾನು ಮನೆಯೊಳಗೆ ಕೂತಿದ್ದೆ. ಅವಳು ಒಳಗೆ ಬಂದವಳು ನನ್ನನ್ನು ನೋಡಿ ನಿಂತಳು, ಹೆದರಲಿಲ್ಲ.

"ಪರ್ತ್‌ಗೆ ಹೋಗ್ಲಿಲ್ವಾ?"

"ಯಾವಾಗಿಂದ ನಡೀತಿದೆ ಇದು?"

"ಚಳಿಗಾಲದಿಂದ. ಅಂಕಲ್ ಹೇಳ್ಕೊಟ್ರು. ನಿಮಗೆ ಹೇಳಬೇಡಿ ಅಂತ ನಾನೇ ಮಾತು ತಗೊಂಡಿದ್ದೆ. ಮಗಳಿಗೂ ಗೊತ್ತು."

"ನನ್ನ ಒಂದು ಮಾತು ಕೇಳಕ್ಕಾಗ್ಲಿಲ್ವಾ?"

"ಕೇಳಿದ್ನಲ್ಲ. ಬಣ್ಣ ಹೊಡೆದ ವರ್ಷ. 'ನಿನ್ನ ಕೈಲಾಗಲ್ಲ ಬಿಡೇ, ಕ್ಲಚ್ ಸುಟ್ಟು ಹಾಕ್ತೀಯ' ಅಂದ್ರಿ. ನನಗೂ ಇದನ್ನ ಓಡಿಸಬೇಕು ಅಂತ ಆಸೆ ಇತ್ತು ಕಣ್ರೀ. ಅಷ್ಟೆ."

ನನಗೆ ಸಿಟ್ಟು ಬಂತು, ನಾಚಿಕೆಯೂ ಆಯಿತು; ಸಿಟ್ಟನ್ನೇ ಮುಂದೆ ಬಿಟ್ಟೆ. ಆ ನಿಂಬೆಹಣ್ಣು ನೋಡಿ ನಾನು ಎಷ್ಟು ಒದ್ದಾಡಿದೆ ಗೊತ್ತಾ, ಯಾರ್‍ಯಾರ ಮೇಲೆ ಅನುಮಾನಪಟ್ಟೆ ಗೊತ್ತಾ ಎಂದು ಕೂಗಾಡಿದೆ.

"ಗುಡಿಸೋದು ಎರಡು ಸಲ ಮರೆತೆ" ಎಂದಳು. "ಗಾಡಿ ತೆಗೆಯೋವಾಗ ಚಕ್ರಕ್ಕೆ ನಿಂಬೆಹಣ್ಣು ಇಡೋರು ಈ ಬೀದೀಲಿ ಯಾರಿದ್ದಾರೆ, ನೀವೇ ಹೇಳಿ. ನಮ್ಮ ಹಳೇ ಸ್ಕೂಟರಿಂದ ಹಿಡಿದು ಪ್ರತಿ ಗಾಡೀಗೂ ಇಟ್ಟೋಳು ನಾನೇ ತಾನೆ? ಕೂಟದೋರ ಮೇಲೆ ಅನುಮಾನ ಬಂತು. ಮಾಟ ಅಂತ ಬಂತು. ನನ್ನ ಮೇಲೆ ಯಾಕ್ರೀ ಬರ್ಲಿಲ್ಲ?"

"ನಿನ್ನ ಮೇಲೆ ಅನುಮಾನ ಪಡ್ತೀನೇನೇ? ನಂಬಿಕೆ ಕಣೇ ಅದು."

"ನಂಬಿಕೆ ಅಲ್ಲ" ಎಂದಳು. ದನಿ ಏರಿಸಲಿಲ್ಲ. "ಇವಳ ಕೈಲಿ ಏನಾಗತ್ತೆ ಅಂತ. ಅನುಮಾನ ಪಡೋಕ್ಕೂ ಲಾಯಕ್ಕಿಲ್ಲ ಅಂತ."

ಏನಾದರೂ ಆಡಬೇಕಲ್ಲ ಎಂದು, ಮುದುಕನಿಂದ ಕೀ ವಾಪಸ್ ಪಡೆದದ್ದನ್ನು ಹೇಳಿಬಿಟ್ಟೆ. ಅವಳು ಕುರ್ಚಿ ಎಳೆದುಕೊಂಡು ಕೂತಳು.

"ಅವರ ಕೀ ನಾನು ಯಾವತ್ತೂ ಮುಟ್ಟಿಲ್ಲ. ದೇವರ ಗೂಡಲ್ಲಿ ನೀವಿಡೋ ಕೀ ತಗೋತಿದ್ದೆ. ಅವರನ್ನ ಕಳ್ಳ ಅಂದ್ರಾ? ಇವತ್ತು ಅಷ್ಟು ಹೊತ್ತು ಪಕ್ಕದಲ್ಲೇ ಕೂತಿದ್ರು ರೀ, ಇದರ ಬಗ್ಗೆ ಒಂದು ಮಾತೂ ಆಡ್ಲಿಲ್ಲ." ಅವಳಿಗೆ ಅಳು ಬಂತು. ನನಗಾಗಿ ಅಲ್ಲ.

ಅವತ್ತೇ ಹೋಗಿ ಅವನ ಬಾಗಿಲು ತಟ್ಟಿದೆ. ತಪ್ಪಾಯ್ತು ಎಂದೆ, ಕೀ ಚಾಚಿದೆ. ಅವನು ಕೈಕುಲುಕಿ, 'ಪರವಾಗಿಲ್ಲ ಮೇಟ್, ಕೀ ನಿನ್ನ ಹತ್ತಿರವೇ ಇರಲಿ' ಎಂದ. ಬೈದಿದ್ದರೆ ಚೆನ್ನಾಗಿತ್ತು. ಬಾಗಿಲು ಮೆಲ್ಲಗೆ ಮುಚ್ಚಿಕೊಂಡ.

ಭಾನುವಾರ ಹೆಂಡತಿ ಕಾರು ತೆಗೆದಳು, ನಾನು ಎಡಗಡೆ ಕೂತೆ. ಅವನ ಗೇಟಿನ ಮುಂದೆ ನಿಲ್ಲಿಸಿ ಹಾರ್ನ್ ಮಾಡಿದಳು. ಅವನು ಹೊರಗೆ ಬಂದ. ಎರಡೇ ಸೀಟಿನ ಕಾರು. ನಾನು ಇಳಿದು, ಬಾಗಿಲು ತೆರೆದು ಹಿಡಿದು, "ನೀನು ಕೂತ್ಕೋ" ಎಂದೆ. ಅವನು ಕಾರನ್ನು ಸುತ್ತಿ ಅವಳ ಕಿಟಕಿಯ ಕಡೆ ಹೋದ. ಸೆಕೆಂಡ್ ಗೇರಿಗೆ ಇನ್ನೂ ಸ್ವಲ್ಪ ಬೇಗ ಬಾ ಎಂದು ಅವಳಿಗೆ ಹೇಳಿ, ಮೇಲ್ಛಾವಣಿಯನ್ನು ಎರಡು ಸಲ ತಟ್ಟಿ, ಒಳಗೆ ಹೋದ. ನನ್ನ ಕಡೆ ನೋಡಲಿಲ್ಲ. "ಹತ್ರೀ, ಹೋಗೋಣ" ಎಂದಳು ಹೆಂಡತಿ.

ಗುರುವಾರಗಳಂದು, ನಾನು ಆಫೀಸಿಗೆ ಹೋದ ಮೇಲೆ, ಅವನು ಈಗಲೂ ಬರುತ್ತಾನಂತೆ. ಒಂದು ಗುರುವಾರ ನಾನು ರಜೆ ಹಾಕಿ ಮನೆಯಲ್ಲಿದ್ದೆ. ಹೆಂಡತಿ ಶೆಡ್ಡಿನ ಬಾಗಿಲೆತ್ತಿ ಬಹಳ ಹೊತ್ತು ಕಾದಳು. ಅವನು ಬರಲಿಲ್ಲ.